ಹಿನ್ನೀರಿನ ದಂಡೆಗೆ ಸರ್ಕಾರಿ ರಾವಟಿ

ಆ ಬೆಳಗೂ ದಿನದಂತೆಯೇ ಎದ್ದೆ. ಅಂಗಳಕ್ಕೆ ಸಗಣಿ ನೀರು ಚಳೆ ಹೊಡೆದೆ, ಒಲೆಯ ಬೂದಿ ತೆಗೆದೆ, ಹಾಲು ಕಾಯಿಸಿ ಕೆನೆ ಬೇರೆ ಬಟ್ಟಲಿಗೆ ಇಟ್ಟೆ. ರೊಟ್ಟಿ ಬಡಿಯುವಾಗ ಮಾತ್ರ ಹೆಚ್ಚಿಗೆ ಬಡಿದು ಬುತ್ತಿ ಕಟ್ಟಿಕೊಂಡೆ.

ನಿಜಾಮರ ಕಾಲ. ನಾವು ಸಿರ್ಗಾಪುರದಲ್ಲಿದ್ದೆವು. ಮನೆಯವರು ಕಂದಾಯದ ಗಿರದಾವರರು. ತಿಂಗಳಲ್ಲಿ ಅರ್ಧ ಕಾಲ ದೌರಾ, ಅಂದರೆ ಹಳ್ಳಿ ಹಳ್ಳಿ ತಿರುಗಿ ರಾವಟಿಯಲ್ಲಿ ಮಲಗುವ ನೌಕರಿ. ನಾನು ಕಾನ್ವೆಂಟಿನಲ್ಲಿ ಓದುವಾಗ ಹೊಲಿಗೆ ಕಲಿಸುವ ಸಿಸ್ಟರೊಬ್ಬರು ತಮ್ಮ ದೇಶದ ಉತ್ತರದ ಕಡಲ ದಂಡೆಯ ಮಾತು ಹೇಳುತ್ತಿದ್ದರು. ಹುಡುಗಿಯಾಗಿದ್ದಾಗ ಒಬ್ಬರೇ ಸೈಕಲ್ ಮೇಲೆ ಹೋಗಿ, ನಮ್ಮ ರಾವಟಿಯಂಥದೇ ಡೇರೆ ಹಾಕಿ, ಮಲಗಿದಲ್ಲಿಯೇ ನೀರಿನ ಸದ್ದು ಕೇಳಿದ್ದರಂತೆ. ನನಗೆ ಕಡಲು ಎಲ್ಲಿಯದು? ಆದರೆ ನಮ್ಮೂರಿಂದ ಉತ್ತರದ ಹಾದಿ ಹಿಡಿದರೆ ನಿಜಾಮ್‌ಸಾಗರದ ಹಿನ್ನೀರಿತ್ತು. ಅದರ ದಂಡೆಯ ಮೇಲೆ ಒಂದೇ ಒಂದು ರಾತ್ರಿ ಒಬ್ಬಳೇ ಮಲಗಬೇಕು, ಅಷ್ಟೇ ಆಸೆ.

ಅತ್ತೆಯವರು ಮಗಳ ಬಾಣಂತನಕ್ಕೆ ಜಹೀರಾಬಾದಿಗೆ ಹೋಗಿದ್ದರು. ಅದೇ ಸಮಯ ನೋಡಿ ಕೇಳಿದೆ. ಮನೆಯವರು ನಕ್ಕರು. "ಎತ್ತು ಹೊಡಿಯಾಕ ಬರ್ತದ, ರಾವಟಿ ಕಟ್ಟಾಕ ಬರ್ತದ. ಇನ್ನ ನನ್ನ ನೌಕರೀನೂ ನೀನೇ ಮಾಡಿಬಿಡವ್ವ!" ಅಂದು ತಮ್ಮ ಸಣ್ಣ ರಾವಟಿ ಕೊಟ್ಟು, ತಾವು ನಾರಾಯಣಖೇಡದ ಕಚೇರಿಗೆ ಹೋದರು.

ಬಂಡಿ ಹೊಡೆಯುವುದು ತವರಿನ ಹೊಲದಲ್ಲಿ ಕಲಿತದ್ದು. ಕೆಂಪು ಹಾದಿ, ಎರಡೂ ಕಡೆ ತಂಗಡಿಯ ಹಳದಿ ಹೂವು. ಏರು ದಾಟಿದ ಮೇಲೆ ಒಮ್ಮೆಲೇ ನೀರು. ಮುಳುಗಿ ಸತ್ತ ತಾಳೆಮರಗಳ ಬೊಡ್ಡೆಗಳು ನೀರಿನ ನಡುವೆ ನಿಂತಿದ್ದವು, ಒಂದೊಂದರ ಮೇಲೂ ಒಂದೊಂದು ಬೆಳ್ಳಕ್ಕಿ. ದಂಡೆಯುದ್ದಕ್ಕೂ ಗರಿ, ಹುಲ್ಲುಕಡ್ಡಿ, ಸಿಂಪಿ ಸೇರಿ ಸೀರೆಗೆ ಅಂಚು ಹೊಲಿದ ಹಾಗೆ ಒಂದು ಗೆರೆ. ಸುತ್ತ ಒಬ್ಬರೂ ಇಲ್ಲ. ಗೂಟ ಹೊಡೆದು, ರಾವಟಿ ಎಬ್ಬಿಸಿ, ಒಳಗೆ ಚಾಪೆ ಹಾಸಿ ಕೂತೆ. ಸಣ್ಣ ತೆರೆ ಬಂದು ಕಲ್ಲಿಗೆ ತಾಗುವ ಸದ್ದು ಕೇಳಿಸಿತು. ಎಷ್ಟೊತ್ತು ಕೂತೆನೋ.

ಬಿಸಿಲು ಇಳಿಯುವ ಮೊದಲೇ ಜನ ಬಂದರು. ಮುಂದೆ ತಳವಾರ, ಹಿಂದೆ ಕಟ್ಟಿಗೆ ಹೊರೆ, ಮೇವು, ಕಾಲು ಕಟ್ಟಿದ ಕೋಳಿ, ಒಬ್ಬ ಕುರುಬರ ಹೆಂಗಸಿನ ಕೈಯಲ್ಲಿ ಹಾಲಿನ ಚರಿಗೆ. ಬಿಳಿ ರಾವಟಿ ಕಂಡರೆ ಸಾಹೇಬರು ದೌರಾ ಬಂದರೆಂದೇ ಅರ್ಥ. ಊರು ಬಿಟ್ಟಿಯಾಗಿ ಎಲ್ಲ ಒದಗಿಸಬೇಕು.

"ಇಲ್ಲಪ್ಪ, ಸಾಹೇಬರು ಬಂದಿಲ್ಲ. ನಾ ಅವರ ಮನಿಯಾಕಿ."

"ಹಂಗಂದ್ರ ಸಾಹೇಬ್ರಿಗಿಂತ ದೊಡ್ಡವ್ರು ಬಂದೀರಿ!" ಅಂದ ತಳವಾರ. ಎಲ್ಲರೂ ನಕ್ಕರು, ಹೊರೆ ಇಳಿಸಿದರು.

"ನಂಗೇನೂ ಬ್ಯಾಡ. ವಾಪಸ್ ಒಯ್ರಿ."

"ಒಯ್ತೀವ್ರಿ ಅವ್ವಾರ. ಆದ್ರ ನಾವು ಹೋಗಂಗಿಲ್ರಿ. ರಾತ್ರಿ ಪಹರಾ ಕೊಡ್ಬೇಕಂತ ಪಟೇಲ್ರ ಹುಕುಂ ಅದ. ನಿಮಗ ಏನರ ಆದ್ರ ನಮ್ಮ ಚರ್ಮ ಸುಲೀತಾರ."

ರಾವಟಿ ಬಿಚ್ಚಿ ಬಂಡಿಯ ಕೆಳಗೆ ಮಲಗುತ್ತೇನೆ ಅಂದೆ. "ಎಲ್ಲಿ ಮಲಗಿದ್ರೂ ಪಹರಾ ಪಹರಾನೇ ಅಲ್ರೀ," ಅಂದ. ಕುರುಬರ ಹೆಂಗಸು ಹಾಲಿನ ಚರಿಗೆ ಕೆಳಗಿಟ್ಟಳು. "ಕುರಿ ಈಯಾಕತ್ತಾವ್ರಿ ಅವ್ವ," ಅಂದಳು ಮೆಲ್ಲಗೆ. "ನನ್ನ ಗಂಡಗೂ ಇಲ್ಲೇ ನಿಲ್ಲಂದಾರ. ಹಟ್ಟ್ಯಾಗ ಯಾರಿಲ್ರಿ."

ನಾನು ನೀರಿನ ಕಡೆ ನೋಡಿದೆ. ಬಿಸಿಲು ಆಗಷ್ಟೇ ತಾಳೆಬೊಡ್ಡೆಗಳ ಮೇಲೆ ಕೆಂಪಗಾಗುತ್ತಿತ್ತು. ಆಮೇಲೆ ಗೂಟ ಕಿತ್ತೆ. ತಡಮಾಡಿದರೆ ಮನಸ್ಸು ತಿರುಗೀತೆಂದು ರಾವಟಿಯನ್ನು ಮಡಚದೆ ಹಾಗೇ ಮುದ್ದೆ ಮಾಡಿ ಬಂಡಿಗೆ ಎಸೆದೆ. ಬೇಡವೆಂದರೂ ಅವರು ಹಾದಿಯ ಅರ್ಧದವರೆಗೆ ಬಂಡಿಯ ಹಿಂದೆ ಬಂದರು.

ಗೂಟ ಕಿತ್ತು ಮರಳಿದ್ದು ತಪ್ಪೆಂದು ಇವತ್ತಿಗೂ ಅನ್ನಿಸಿಲ್ಲ. ಆದರೆ ಮತ್ತೆ ಆ ದಂಡೆಗೆ ಹೋಗಲಾಗಲಿಲ್ಲ. ಅತ್ತೆಯವರು ಮರಳಿ ಬಂದರು, ಆಮೇಲೆ ತಾಂಡೂರಿಗೆ ವರ್ಗವಾಯಿತು, ಮಕ್ಕಳಾದವು. ಕತ್ತಲಾದ ಮೇಲೆ ಆ ನೀರು ಹೇಗೆ ಕಾಣುತ್ತದೆ, ಹೇಗೆ ಸದ್ದು ಮಾಡುತ್ತದೆ, ನನಗೆ ತಿಳಿಯದೇ ಉಳಿಯಿತು.

ಆ ದಿನ ಬಂಡಿ ಮನೆ ಮುಟ್ಟುವಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಕಂದೀಲು ಇಟ್ಟುಕೊಂಡು ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆ ಎತ್ತಿ ನೋಡಿ, ಮತ್ತೆ ಮೊರಕ್ಕೆ ಬಗ್ಗಿದಳು.

"ಬಂದ್ರ್ಯಾ? ಛಲೋ ಆತು ಬಿಡ್ರಿ. ನೀರು ನೋಡಾಕ ಅಷ್ಟು ದೂರ ಯಾಕ್ರಿ, ಈ ಸಲ ನಮ್ಮ ಬಾವೀನೇ ತುಂಬ್ಯದ."