ಕಾಜಾ ಅತ್ತೆ ಸೇದಿದ ಸಿಗರೇಟು

ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಪ್ರಶ್ನೆ ಕೇಳುವುದೆಂದರೆ ಪ್ರಾಣ. ಟೈಲರ್ ಅಂಗಡಿಯ ಮೂಲೆಯಲ್ಲಿ ಕೂತು ಶರ್ಟಿನ ಗುಂಡಿತೂತುಗಳಿಗೆ ಕೈಯಲ್ಲೇ ಕಾಜಾ ಹಾಕುತ್ತ ಆಯುಷ್ಯ ಕಳೆದವಳು. ಕಣ್ಣು ಸೂಜಿಯ ಮೇಲಿದ್ದರೂ ಕಿವಿ ಮಾತ್ರ ಗಿರಾಕಿಯ ಅಡುಗೆಮನೆಯವರೆಗೂ ಹೋಗಿ ಬರುತ್ತಿತ್ತು. ಅಳತೆ ಕೊಡಲು ಬಂದವರು ಮೇಲಿನ ಮನೆಯ ಜಗಳ, ಅಳಿಯನ ಗೊರಕೆ ಎಲ್ಲವನ್ನೂ ಅವಳಿಗೆ ಒಪ್ಪಿಸಿ ಹೋಗುತ್ತಿದ್ದರು. ಬೀದಿಯವರಿಗೆಲ್ಲ ಅವಳು ಕಾಜಾ ಅತ್ತೆ.

ಇಂಥವಳಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು ನೋಡಿ, ಎಲ್ಲರೂ ತಿರುಗಿ ಅವಳನ್ನೇ ಕೇಳತೊಡಗಿದರು. ಅದೂ ಒಂದೇ ಪ್ರಶ್ನೆ. "ಸಿಗರೇಟ್ ಗಿಗರೇಟ್ ಸೇದ್ತಿದ್ರಾ?" ಇಲ್ಲ ಎಂದರೆ, "ಮನೇಲಿ ಯಾರಾದ್ರೂ?" ಮನೆಯಲ್ಲಿ ಯಾರಿದ್ದಾರೆ ಮಣ್ಣು. ಅತ್ತೆ ಮದುವೆಯಾದವಳಲ್ಲ, ನಮ್ಮಪ್ಪನಿಗೆ ಬೆಂಕಿಕಡ್ಡಿ ಗೀರಿದರೂ ಸೀನು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ನೋಡಲು ಬಂದ ಇಬ್ಬರು ಮೂವರನ್ನು ಕಾಫಿ ಕೂಡ ಕೊಡದೆ ಸಾಗಹಾಕಿದ್ದೇನೆ.

ಅತ್ತೆ ಮಾತ್ರ ಪ್ರತಿಸಲವೂ ಬೆನ್ನು ನೆಟ್ಟಗೆ ಮಾಡಿಕೊಂಡು, "ಒಂದೂ ಸೇದಿಲ್ಲ" ಎನ್ನುತ್ತಿದ್ದಳು. ಕೂದಲು ಹೋಗಿತ್ತು, ನಾಲಿಗೆಯ ರುಚಿ ಹೋಗಿತ್ತು, ಅಂಗಡಿಯ ಮೂಲೆಗೆ ಬೇರೆಯವಳು ಬಂದಿದ್ದಳು. ತಾನೇನೂ ತಪ್ಪು ಮಾಡಿಲ್ಲ ಎಂಬ ಆ ಒಂದು ಮಾತು ಅವಳ ಕೈಯಲ್ಲಿ ಉಳಿದಿತ್ತು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಕೋಣೆಯಲ್ಲಿ ಅವಳ ಪಕ್ಕದ ಕುರ್ಚಿಗೆ ಒಬ್ಬರು ಬಂದು ಕೂತರು. ದೊಡ್ಡ ಆಫೀಸು ಕಟ್ಟಡವೊಂದರಲ್ಲಿ ಲಿಫ್ಟು ನಡೆಸುತ್ತಿದ್ದವರು. ಅವರದೂ ಇದೇ ಕಾಯಿಲೆ. ಅತ್ತೆ ಸುಮ್ಮನಿರುವ ಪೈಕಿಯೇ? ಸೂಜಿ ಚುಚ್ಚಿದ ನರ್ಸು ಆಚೆ ಹೋಗುವುದೇ ತಡ, "ನೀವು ಎಷ್ಟು ಸೇದ್ತಿದ್ರಿ?" ಎಂದು ಕೇಳಿಯೇಬಿಟ್ಟಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಲೆಕ್ಕ ಇಟ್ಟೋರು ಯಾರು," ಎಂದರು ಅವರು. "ನೀವು?"

"ಒಂದೂ ಸೇದಿಲ್ಲ."

ಅವರು ಅವಳ ಡ್ರಿಪ್ ಬಾಟಲಿಯನ್ನೊಮ್ಮೆ ನೋಡಿದರು. "ಛೆ, ನಿಮಗೆ ಮೋಸ ಆಯ್ತು. ಮಾಲು ತಗೊಳ್ದೇನೇ ಬಿಲ್ಲು ಬಂತಲ್ಲ."

ಅತ್ತೆ ನಕ್ಕು ನಕ್ಕು ಕೆಮ್ಮಿ, ನರ್ಸು ಓಡಿ ಬರಬೇಕಾಯಿತು. ಅಂದಿನಿಂದ ಅವರು ಅವಳಿಗೆ ಲಿಫ್ಟಣ್ಣ, ಅವಳು ಅವರಿಗೆ ಕಾಜಕ್ಕ.

ಇಬ್ಬರೂ ಮಕ್ಕಳ ಹಾಗೆ ಒಬ್ಬರ ಕಾಯಿಲೆಯನ್ನು ಇನ್ನೊಬ್ಬರು ಕೆದಕಿ ಕೆದಕಿ ವಿಚಾರಿಸುತ್ತಿದ್ದರು. ಬಾಯಲ್ಲಿ ಕಬ್ಬಿಣದ ರುಚಿ ನಿಮಗೂ ಬರುತ್ತಾ? ಮರದ ಚಮಚದಲ್ಲಿ ತಿಂದು ನೋಡಿ. ಉಸಿರು ಸಿಕ್ಕಿಕೊಂಡರೆ ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ, ತುಟಿ ಕಿರಿದು ಮಾಡಿ ನಿಧಾನಕ್ಕೆ ಬಿಡಿ. ನನ್ನನ್ನು ಕೇಳಿದರೆ, ಅತ್ತೆಗೆ ಔಷಧಿಗಿಂತ ಈ ಮಾತುಗಳೇ ಹೆಚ್ಚು ಹಿಡಿದವು. ಬೆಳಗ್ಗೆ ಎದ್ದರೆ ಫೋನು.

"ಇದ್ದೀರಾ?"

"ಇದ್ದೀನಿ. ನೀವು?"

"ಫೋನ್ ಮಾಡಿದ್ದು ನಾನೇ ಅಲ್ವಾ?"

ಪ್ರತಿದಿನ ಇದೇ ಮಾತು, ಪ್ರತಿದಿನ ಅದೇ ನಗು.

ಹಾಗಿರುವಾಗ ಒಂದು ವಾರ ಲಿಫ್ಟಣ್ಣ ಡ್ರಿಪ್ಪಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ. ಔಷಧಿ ಮಧ್ಯದಲ್ಲಿ ಬಿಟ್ಟರೆ ರೋಗ ಕಾಯುವುದಿಲ್ಲ ಎಂದು ಡಾಕ್ಟರು ಇಬ್ಬರಿಗೂ ಬಿಡಿಸಿ ಹೇಳಿದ್ದರು. ಅತ್ತೆ ಖಾಲಿ ಕುರ್ಚಿ ನೋಡಿದಳು, ನನ್ನ ಮುಖ ನೋಡಿದಳು. "ವಿಳಾಸ ಕೇಳ್ಕೊಂಡು ಬಾ" ಎಂದಳು. ಬೇಡ ಎಂದರೆ ಕೇಳುವ ಹೆಂಗಸಲ್ಲ.

ಊರವರನ್ನೆಲ್ಲ ಮೇಲೆ ಹತ್ತಿಸಿದ ಮನುಷ್ಯನ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲದ ಕಟ್ಟಡದಲ್ಲಿ. ಅತ್ತೆ ಪ್ರತಿ ತಿರುವಿನಲ್ಲೂ ಮೆಟ್ಟಿಲ ಮೇಲೆ ಕೂತು, ಬಾಗಿ, ಉಸಿರು ಬಿಟ್ಟು, ಮತ್ತೆ ಎದ್ದಳು. ಬಾಗಿಲು ತೆಗೆದದ್ದು ಮಗಳು. ಹೆಗಲಲ್ಲಿ ಬ್ಯಾಗು, ಕೆಲಸಕ್ಕೆ ಹೊರಟಿದ್ದಳು.

"ಬರಲ್ವಂತೆ. ಹೇಳಿ ಹೇಳಿ ನನಗೂ ಸಾಕಾಗಿದೆ."

ಒಳಗೆ ಲಿಫ್ಟಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ನಂದು ನಾನೇ ತಂದ್ಕೊಂಡಿದ್ದು, ಕಾಜಕ್ಕ. ಅದಕ್ಕೆ ಇವಳ್ಯಾಕೆ ಒದ್ದಾಡ್ಬೇಕು? ನೀವು ಹೋಗಿ."

ಮಗಳು ಅತ್ತೆಯ ಕಡೆ ತಿರುಗಿದಳು. "ಸೇದ್ಬೇಡಪ್ಪಾ ಅಂತ ಚಿಕ್ಕೋಳಿದ್ದಾಗಿಂದ ಕಾಲು ಹಿಡ್ಕೊಂಡಿದ್ದೀನಿ. ನಿಮ್ಮನ್ನ ನೋಡಿದ್ರೆ ಪಾಪ ಅನ್ಸುತ್ತಮ್ಮ. ನೀವು ಒಂದೂ ಸೇದಿಲ್ವಂತೆ, ಏನೂ ತಪ್ಪು ಮಾಡ್ದೋರಲ್ಲ."

ಗೋಡೆಯ ಕಡೆಗಿದ್ದ ಬೆನ್ನು ಇನ್ನಷ್ಟು ಮುದುಡಿತು. ಅತ್ತೆ ಅದನ್ನೇ ನೋಡುತ್ತ ನಿಂತಿದ್ದಳು.

"ಯಾರು ಹೇಳಿದ್ದು?" ಎಂದಳು. "ನಾನೂ ಸೇದ್ತಿದ್ದೆ."

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಾಲು ತುಳಿದಳು.

"ಅಂಗಡಿ ಹಿಂದೆ. ಕದ್ದು. ನಮ್ಮಣ್ಣನ ಮಗಳು, ಇವಳಿಗೂ ಗೊತ್ತಿಲ್ಲ."

ಲಿಫ್ಟಣ್ಣ ನಿಧಾನವಾಗಿ ಈ ಕಡೆ ಹೊರಳಿದರು. ಕಣ್ಣು ಕಿರಿದು ಮಾಡಿ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಹೇಗೆ ಹಿಡ್ಕೋತಿದ್ರಿ? ತೋರ್ಸಿ."

ಅತ್ತೆ ಕೈ ಎತ್ತಿದಳು. ಹೆಬ್ಬೆರಳು ತೋರುಬೆರಳು ಸೇರಿಸಿ, ಕಿರುಬೆರಳು ಮೇಲೆ ಮಾಡಿ, ಇಲ್ಲದ ಸಿಗರೇಟನ್ನು ತುದಿಯಲ್ಲಿ ಚಿವುಟಿ ಹಿಡಿದು ತುಟಿಗೆ ತಂದಳು. ತೆಗೆಯುವಾಗ ಕೈ ತುಟಿಯ ಬಳಿ ನಿಲ್ಲಲಿಲ್ಲ. ದಾರ ಎಳೆಯುವ ಅಭ್ಯಾಸಕ್ಕೆ ಕಿವಿ ದಾಟಿ ಅಷ್ಟು ದೂರ ಹೋಯಿತು.

"ಅಯ್ಯೋ ತಾಯಿ," ಎಂದರು ಲಿಫ್ಟಣ್ಣ, "ಸಿಗರೇಟ್ ಸೇದ್ತಿದ್ರಾ, ಹೊಲೀತಿದ್ರಾ?"

ಅವರಿಗೇ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು. ಅತ್ತೆ ಮಂಚದ ಮೇಲೆ ಕೂತು, ಅವರನ್ನು ಎಬ್ಬಿಸಿ ಕೂರಿಸಿ, ದಿಂಬು ಎದೆಗೆ ಕೊಟ್ಟಳು. "ಬಗ್ಗಿ. ನಿಧಾನಕ್ಕೆ ಬಿಡಿ" ಎನ್ನುತ್ತ ತಾನೂ ಜೊತೆಗೆ ಉಸಿರು ಬಿಟ್ಟಳು. ಅವಳದೂ ಏದುಸಿರೇ. ಸ್ವಲ್ಪ ಹೊತ್ತಿಗೆ ಇಬ್ಬರ ಉಸಿರೂ ಹದಕ್ಕೆ ಬಂತು.

"ಸುಳ್ಳು ಯಾಕೆ ಹೇಳಿದ್ರಿ?" ಎಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕಿತ್ತು ಅವಳಿಗೆ.

"ಇವರ ಪಕ್ಕ ಕೂತ್ಕೊಳ್ಳೋಕೆ ಒಂದೂ ಸೇದಿಲ್ಲ ಅನ್ನೋದೊಂದು ಅಡ್ಡ ಬರ್ತಿತ್ತಮ್ಮ," ಎಂದಳು ಅತ್ತೆ.

ಅಷ್ಟು ದಿನ ಬೆನ್ನು ನೆಟ್ಟಗೆ ಮಾಡಿಕೊಂಡು ಕಾಪಾಡಿದ್ದ ಮಾತನ್ನು ಹೀಗೆ ಒಂದೇ ಏಟಿಗೆ ಬಿಟ್ಟುಕೊಟ್ಟಳಲ್ಲ ಎಂದು ನನಗೆ ಸಂಕಟವಾಯಿತು, ಅವಳ ಮೇಲೆ ಪ್ರೀತಿಯೂ ಉಕ್ಕಿತು.

ಮಗಳು ಬ್ಯಾಗು ಕೆಳಗಿಟ್ಟು ಮಂಚದ ಇನ್ನೊಂದು ಬದಿಗೆ ಬಂದು ಕೂತಳು.

"ಅಪ್ಪಾ, ಉಸಿರು ತಗೊಳ್ಳೋವಾಗ ನೋಯುತ್ತಾ?"

ಯಾರನ್ನು ಕೇಳುತ್ತಿದ್ದಾಳೆ ಎಂಬಂತೆ ಲಿಫ್ಟಣ್ಣ ಮಗಳನ್ನು ನೋಡಿದರು. ಇಷ್ಟು ತಿಂಗಳಲ್ಲಿ ಅವಳು ಇದನ್ನು ಕೇಳಿರಲಿಲ್ಲ ಎಂದು ಆ ಮುಖವೇ ಹೇಳುತ್ತಿತ್ತು.

"ನೋಯುತ್ತೆ."

"ಎಲ್ಲಿ?"

ಅವರು ಅವಳ ಕೈ ತೆಗೆದುಕೊಂಡು ಪಕ್ಕೆಲುಬಿನ ಮೇಲೆ ಇಟ್ಟುಕೊಂಡರು. ಅವಳು ಕೈ ತೆಗೆಯದೆಯೇ ನನ್ನ ಕಡೆ ತಿರುಗಿ, ನಾಳೆ ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೇಳಿದಳು.