ಕೋನಪ್ಪನ ಕಿವಿ

ಕಲ್ಲು ಹಾಸುವ ಕೋನಪ್ಪನಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ಅವನ ಹೆಂಡತಿ ಮಂಗಮ್ಮನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಗೊತ್ತಾಗಲು ಅವನು ಬಿಟ್ಟರೆ ತಾನೆ! ಯಾರೇನು ಅಂದರೂ ಮೀಸೆ ತಿರುವಿಕೊಂಡು "ಹೂಂ ಹೂಂ, ಆಗ್ಲೇಳಪ್ಪ" ಅನ್ನುವನು. ಇಪ್ಪತ್ತೈದು ವರ್ಷ ಉಳಿ, ಸುತ್ತಿಗೆಯ ಸದ್ದಿನಲ್ಲೇ ಕೂತವನು. "ಕಿವಿಗೆ ಒಂಚೂರು ಹತ್ತಿ ಇಟ್ಕೊಳ್ಳಯ್ಯಾ" ಅಂತ ಅವಳು ಬಾಯಿ ನೋಯುವಷ್ಟು ಹೇಳಿದ್ದಳು. ಕೇಳಿದನೇ? ಆಗ ಕೇಳಲು ಮನಸ್ಸಿರಲಿಲ್ಲ, ಈಗ ಕೇಳಲು ಕಿವಿಯಿಲ್ಲ.

ಬೇರೆ ಕಸುಬಾಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಚಪ್ಪಡಿ ಆರಿಸುವುದು ಕಿವಿಯ ಕೆಲಸ. ಸುತ್ತಿಗೆಯಲ್ಲಿ ತಟ್ಟಿದಾಗ ಖಣ್ಣನೆ ಸದ್ದು ಬಂದರೆ ಕಲ್ಲು ಗಟ್ಟಿ. ದಬ್ ಅಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದೆ, ಇವತ್ತಲ್ಲ ನಾಳೆ ಎರಡು ಹೋಳಾಗುತ್ತೆ ಅಂತ ಅರ್ಥ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನವರೆಗೂ ಕೋನಪ್ಪನಿಗೆ ಕೆಲಸ ಸಿಗುತ್ತಿದ್ದುದೇ "ಅವನು ಹಾಸಿದ ಕಲ್ಲು ಒಡೆಯಲ್ಲ" ಅನ್ನುವ ಒಂದು ಮಾತಿನ ಮೇಲೆ. ಆ ಮಾತು ಹೋದರೆ ಕೋನಪ್ಪನೂ ಹೋದ ಹಾಗೆ.

ಅದಕ್ಕೇ ಮಂಗಮ್ಮ ಬುತ್ತಿ ತರುವ ನೆಪದಲ್ಲಿ ಕ್ವಾರಿಗೆ ಬರತೊಡಗಿದಳು. ಅವನು ಕಲ್ಲು ತಟ್ಟುವಾಗ ಎದುರಿಗೆ ಕೂತು ಎಲೆಅಡಿಕೆ ಜಗಿಯುವಳು. ಒಂದು ದಿನ ದಬ್ ಅಂದ ಕಲ್ಲಿಗೂ ಅವನು ತಲೆಯಾಡಿಸಿದ್ದು ನೋಡಿ ಹೊಟ್ಟೆ ಉರಿದು ಪಿಚಕ್ಕನೆ ಉಗಿದಳು. ಕೋನಪ್ಪ ಅವಳನ್ನು ನೋಡಿದ, ಕಲ್ಲನ್ನು ನೋಡಿದ, "ಇದು ಬೇಡ" ಅಂದ. ಅವತ್ತಿನಿಂದ ಕೆಟ್ಟ ಕಲ್ಲಿಗೆಲ್ಲ ಅವಳು ಉಗಿಯುವುದು, ಅವನು ಬಿಡುವುದು. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಇದೆಲ್ಲ ಹೆಂಡತಿಯಿಂದ ಅಂತ ಅವನಿಗೆ ತಿಳಿದಿದೆಯೋ, ತನ್ನ ಕಿವಿಯೇ ಚುರುಕು ಅಂದುಕೊಂಡಿದ್ದಾನೋ, ಆ ದೇವರಿಗೇ ಗೊತ್ತು. "ನನ್ ಕಿವಿ ಮುಂದೆ ಯಾವ ಕಲ್ಲೂ ಸುಳ್ಳು ಹೇಳಕಾಗಲ್ಲ" ಅಂತ ಅವನು ನಾಲ್ಕು ಜನರ ಮುಂದೆ ಕೊಚ್ಚಿಕೊಳ್ಳುವಾಗಂತೂ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತೊಂದರಲ್ಲಿ ಮುದ್ದೇನಹಳ್ಳಿ ಕಡೆ ಹೊಸ ಮನೆ ಕಟ್ಟಿಸಿದ್ದ ರಿಟೈರ್ಡ್ ಹೆಡ್‌ಮಾಸ್ಟರ್ ವೆಂಕಟರವಣಪ್ಪ, ಹಿತ್ತಲ ಹೂದೋಟದ ನಡುವೆ ಸಂಜೆ ಕುರ್ಚಿ ಹಾಕಿಕೊಂಡು ಕೂರಲು ಕಲ್ಲು ಹಾಸಬೇಕೆಂದು ಹೇಳಿ ಕಳಿಸಿದರು. ಸಾಕಪ್ಪಾ ಸಾಕು, ಆ ಮೇಷ್ಟ್ರ ಸಹವಾಸ! ಮೊದಲು ಕನ್ನಡಿಯಂಥ ಪಾಲಿಶ್ ಕಲ್ಲು ಬೇಕೆಂದರು. "ಮಳೇಲಿ ಜಾರಿ ಬಿದ್ರೆ ಸೊಂಟ ಮುರಿಯುತ್ತೆ ಸ್ವಾಮಿ, ಉಳಿ ಹೊಡೆದ ಒರಟು ಕಲ್ಲೇ ಸರಿ" ಅಂತ ಒಪ್ಪಿಸಲು ಅರ್ಧ ದಿನ. ನೆಲ ಸಮವಾಗಿರಲಿ, ಇಳಿಜಾರು ಯಾಕೆ ಅಂದರು. ನೀರು ಗೋಡೆಗೆ ಹೋಗದೆ ಗಿಡಗಳ ಕಡೆ ಹೋಗಲಿ ಅಂತ ತಿಳಿಸಿ ಹೇಳಲು ಇನ್ನರ್ಧ ದಿನ. ಸಂದಿಗೆ ಸಿಮೆಂಟೇ ಬೇಕು, ಮರಳು ಬೇಡ ಅಂತ ಇನ್ನೊಂದು ಹಟ. ಮೇಷ್ಟ್ರು ಅಂದ ಒಂದೊಂದು ಮಾತನ್ನೂ ಮಂಗಮ್ಮ ಗಂಡನಿಗೆ ಕಿರುಚಿ ಹೇಳಬೇಕು. ಗುಟ್ಟು ರಟ್ಟಾಗಬಾರದಲ್ಲ, ಅದನ್ನೂ ಬೈಯುವ ಹಾಗೆ ಹೇಳಬೇಕು. ಅವಳ ಗಂಟಲು ಹರಿದುಹೋಯಿತು.

ಕಲ್ಲು ಆರಿಸುವ ದಿನ ಮೇಷ್ಟ್ರೂ ಕ್ವಾರಿಗೆ ಬಂದರು. ಒಂದು ಕಲ್ಲಿನ ಮೇಲೆ ಅನುಮಾನ ಬಂದು ಮಂಗಮ್ಮ, "ಅದನ್ನ ಇನ್ನೊಂದ್ ಸಲ ತಟ್ಟಯ್ಯಾ!" ಅಂತ ಕೂಗಿದಳು.

"ಹೆಂಗಸ್ರಿಗೇನೇ ಗೊತ್ತು ಕಲ್ಲಿನ ವಿಷ್ಯ? ಮುದ್ದೆ ತಂದ್ಯಲ್ಲ, ಬಾಯ್ಮುಚ್ಕೊಂಡು ಕೂತ್ಕೋ" ಅಂದುಬಿಟ್ಟ ಕೋನಪ್ಪ. ಮೇಷ್ಟ್ರು ನಕ್ಕರು. ಕ್ವಾರಿಯವರೂ ನಕ್ಕರು.

ಮಂಗಮ್ಮನಿಗೆ ಕೋಪ ನೆತ್ತಿಗೇರಿತು. ಅನುಭವಿಸಲಿ ಮುಂಡೇದು ಅಂದುಕೊಂಡಳು. ಅದರ ಮುಂದಿನ ಕಲ್ಲು ದಬ್ ಅಂತು. ಕ್ವಾರಿಯವರಿಗೆ ಕಲ್ಲು ಮಾರಾಟವಾದರೆ ಸಾಕು, ಅವರ್ಯಾಕೆ ಬಾಯಿ ಬಿಡುತ್ತಾರೆ? ಕೋನಪ್ಪ ಸುತ್ತಿಗೆ ಹಿಡಿದು ಅವಳ ಕಡೆ ನೋಡಿದ. ಅವಳು ಬಾಯಿ ತುಂಬ ಇದ್ದ ಎಲೆಅಡಿಕೆ ರಸವನ್ನು ಗುಟುಕ್ಕನೆ ನುಂಗಿಕೊಂಡಳು. "ಇದು ಗಾಡಿಗೆ ಹಾಕ್ರಪ್ಪ" ಅಂದ ಅವನು.

ಆ ಕಲ್ಲು ಹೋಗಿ ಕೂತಿದ್ದು ಹಾಸಿನ ಸರಿ ನಡುವೆ. ಮಂಗಮ್ಮನಿಗೆ ಊಟ ಸೇರಲಿಲ್ಲ. ಹೇಳಿಬಿಡೋಣ ಅಂದುಕೊಳ್ಳುವಳು, ಕ್ವಾರಿಯ ನಗು ನೆನಪಾಗಿ ಸುಮ್ಮನಾಗುವಳು. ಮೇಷ್ಟ್ರೋ ದಿನಕ್ಕೊಂದು ರಗಳೆ. ಪಾಚಿ ಕಟ್ಟಿತು ಅಂತ ಆಸಿಡ್ ಸುರಿದು ಉಜ್ಜಿ ಕಲ್ಲಿನ ಬಣ್ಣ ಕೆಡಿಸಿದರು. "ತೆಂಗಿನ ಪೊರಕೆ, ಬರೀ ನೀರು, ಅಷ್ಟೇ ಸಾಕು ಸ್ವಾಮಿ" ಅಂತ ಕೋನಪ್ಪ ಹೋಗಿ ಕೈಮುಗಿದು ಬಂದ. ಮೂರನೇ ತಿಂಗಳು ಗಿಡಗಳಿಗೆ ಇರಲಿ ಅಂತ ಒಂದು ಡ್ರಮ್ ನೀರು ತುಂಬಿಸಿ ನಡುವೆ ಇಡಿಸಿದರು. ಕಲ್ಲು ಎರಡು ಹೋಳಾಯಿತು.

ಸುದ್ದಿ ತಿಳಿದು ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋದರು. "ಏನಯ್ಯಾ, ನೀನು ಹಾಸಿದ ಕಲ್ಲು ಒಡೆಯಲ್ಲ ಅಂತಿದ್ರಲ್ಲ?" ಅಂದರು ಮೇಷ್ಟ್ರು. ಅಕ್ಕಪಕ್ಕದವರು ಕಾಂಪೌಂಡ್ ಮೇಲಿಂದ ಇಣುಕುತ್ತಿದ್ದರು. ಕೋನಪ್ಪ ಕೂತು ಒಡೆದ ಅಂಚಿನ ಮೇಲೆ ಬೆರಳಾಡಿಸಿದ. ಅಲ್ಲಿ ಹಳೆಯ ಬಿರುಕು ಮಣ್ಣು ಹಿಡಿದು ಕೆಂಪಗೆ ಕಾಣುತ್ತಿತ್ತು. ಅವನ ಮುಖ ನೋಡಲಾಗದೆ ಮಂಗಮ್ಮ ಮುಂದೆ ಬಂದಳು.

"ನಂಗೆ ಗೊತ್ತಿತ್ತಯ್ಯಾ!" ಅಂದಳು. ಮೆಲ್ಲಗೆ ಹೇಳಿದರೆ ಅವನಿಗೆ ಕೇಳಿಸಬೇಕಲ್ಲ, ಬೀದಿಗೆಲ್ಲ ಕೇಳುವಂತೆ ಕೂಗಿದಳು. "ದಬ್ ಅಂದಿದ್ದು ಕೇಳ್ಸಿತ್ತು! ಬೇಕೂಂತ ಉಗೀಲಿಲ್ಲ ನಾನು!"

ಕೋನಪ್ಪ ಎದ್ದು ಕೈಯ ಧೂಳು ಕೊಡವಿದ. ಆಮೇಲೆ ಅವಳಿಗಲ್ಲ, ಮೇಷ್ಟ್ರಿಗೆ ಹೇಳಿದ: "ಆರು ವರ್ಷದಿಂದ ನಂಗೆ ಯಾವ ಕಲ್ಲೂ ಕೇಳ್ಸಿಲ್ಲ ಸ್ವಾಮಿ. ಇವಳು ಉಗಿದ್ರೆ ಬಿಡ್ತಿದ್ದೆ. ಅವತ್ತು ಉಗೀಲಿಲ್ಲ, ಅದಕ್ಕೇ ಹಾಕ್ದೆ. ನಾಳೆ ಬೇರೆ ಕಲ್ಲು ತರ್ತೀವಿ."

"ಇದನ್ನ ಅವತ್ತು ಕ್ವಾರೀಲಿ ಹೇಳಕ್ಕೆ ಏನಾಗಿತ್ತಯ್ಯಾ ನಿನ್ ಬಾಯಿಗೆ?" ಅಂತ ಮಂಗಮ್ಮ ಕಿರುಚಿದಳು. ಅದು ಅವನಿಗೆ ಕೇಳಿಸಿತೋ ಇಲ್ಲವೋ. ಚೀಲದಿಂದ ಸುತ್ತಿಗೆ ತೆಗೆದು ಅವಳ ಕೈಗೆ ಕೊಟ್ಟು, ಉಳಿದ ಕಲ್ಲುಗಳನ್ನು ತೋರಿಸಿದ. ಅವಳು ಬೈಯುತ್ತಲೇ ಬಗ್ಗಿ ಒಂದೊಂದನ್ನೇ ತಟ್ಟತೊಡಗಿದಳು.