ಓಲೀಟಾಳ ಸೊಂಟದ ಪಟ್ಟಿ

ಸೆಪ್ಟೆಂಬರಿನ ಒಂದು ಬೆಳಗ್ಗೆ ಮೇಷ್ಟರು ಲೋವೆಲ್ ಜಾನಾಕ್ ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗಿನ ಸತ್ತ ಬೆಕ್ಕು ಹಿಡಿದುಕೊಂಡು, ಅಂಗರಚನೆಯ ಲ್ಯಾಬಿನ ಬಾಗಿಲನ್ನು ಬೆನ್ನಿನಿಂದ ತಳ್ಳಿಕೊಂಡು ಒಳಗೆ ನುಗ್ಗಿದ. ನುಗ್ಗಿದವನು ಬಾಗಿಲ ಹತ್ತಿರವೇ ನಿಂತಿದ್ದ ನರ್ಸಿಂಗ್ ವಿದ್ಯಾರ್ಥಿನಿ ಓಲೀಟಾ ಪ್ರೂಯಿಟ್‌ಗೆ ಡಿಕ್ಕಿ ಹೊಡೆದ. ಕಾಫಿ ಅವನ ಅಂಗಿಗೆ ಹೋಯಿತು, ಬೆಕ್ಕು ನೆಲಕ್ಕೆ ಹೋಯಿತು, ಮೊಣಕೈ ಓಲೀಟಾಳ ಸೊಂಟಕ್ಕೆ ಹೋಯಿತು. ಸೊಂಟದಲ್ಲಿ ಏನೋ ಗಟ್ಟಿಯಾದದ್ದು ತಗುಲಿತು.

"ಅಯ್ಯೋ, ತಪ್ಪಾಯ್ತು ಮಿಸ್ ಓಲೀಟಾ! ಸೊಂಟಕ್ಕೆ ಪಟ್ಟಿ ಹಾಕ್ಕೊಂಡಿದೀರಾ?" ಎಂದು ಇಡೀ ತರಗತಿಗೆ ಕೇಳುವ ಹಾಗೆ ಮರುಗಿದ. "ನನ್ನ ಹೆಂಡ್ತಿ ಇರ್ಮಾಗೂ ಇದೇ ಗೋಳು. ಕೂತ್ಕೊಳ್ಳೋವಾಗ ಸ್ವಲ್ಪ ಸಡಿಲ ಮಾಡ್ಕೊಳ್ಳಿ, ಹಾಯಾಗಿರುತ್ತೆ."

ಓಲೀಟಾ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಇದು ಸಡಿಲ ಮಾಡ್ಕೊಳ್ಳೋ ಥರದ್ದಲ್ಲ ಸರ್," ಎಂದು ಹೇಳಿ ಬೆಕ್ಕನ್ನು ಎತ್ತಿ ಅವನ ಕೈಗೆ ಕೊಟ್ಟಳು.

ಆಕೆಯ ಪಕ್ಕದಲ್ಲಿ ಕೂರುವ, ಆಕೆಯ ಜೊತೆ ಒಂದೇ ಬೆಕ್ಕನ್ನು ಕೊಯ್ಯುವ ಹುಡುಗಿ ಮಾರಿಸೆಲಾ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ತರಗತಿ ಮುಗಿದ ಮೇಲೆ ಮೇಷ್ಟರ ಮೇಲೆ ಕರುಣೆ ಬಂದು ಮೇಜಿನ ಹತ್ತಿರ ಬಂದಳು.

"ಸರ್, ಅದು ಪಟ್ಟಿ ಅಲ್ಲ."

"ಮತ್ತೆ?"

"ನೀವು ಟೆಕ್ಸಸ್‌ನಲ್ಲೇ ಹುಟ್ಟಿದೋರಲ್ವಾ ಸರ್?"

ಲೋವೆಲ್ ಹುಟ್ಟಿದ್ದು ಟೆಕ್ಸಸ್‌ನಲ್ಲೇ. ಅವನಪ್ಪ ಹುಟ್ಟಿದ್ದೂ ಅಲ್ಲೇ. ಆದರೂ ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೂತುಕೊಂಡ. ತಾನು ಮೊಣಕೈಯಿಂದ ಗುದ್ದಿದ್ದು ಗುಂಡು ತುಂಬಿದ ಪಿಸ್ತೂಲಿಗೆ. ಗುದ್ದಿದ ಮೇಲೆ ಅದನ್ನು ಸಡಿಲ ಮಾಡಿಕೊಳ್ಳಿ ಎಂದು ಬುದ್ಧಿವಾದ ಬೇರೆ ಹೇಳಿದ್ದ.

ಆ ವರ್ಷ ಆಗಸ್ಟಿನಿಂದ ನಮ್ಮಂಥ ಎರಡು ವರ್ಷದ ಕಾಲೇಜುಗಳಿಗೂ ಹೊಸ ಕಾನೂನು ಬಂದಿತ್ತು. ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ತರಗತಿಗೆ ಬರಬಹುದು. ಹೊರಗೆ ಕಾಣಿಸಬಾರದು. ಅವರು ತೋರಿಸಬಾರದು ಅಂದ ಮೇಲೆ ನಾವು ಕೇಳುವುದೂ ಮರ್ಯಾದೆಯಲ್ಲ. ಯಾರಾದರೂ ಬಗ್ಗಿದಾಗ ಅಂಗಿಯ ಕೆಳಗೆ ಉಬ್ಬು ಕಂಡರೆ ನಾವು ಕಿಟಕಿಯಾಚೆ ನೋಡಿ ಮಳೆ ಬರುತ್ತದೋ ಏನೋ ಅನ್ನುತ್ತೇವೆ. ಪಶ್ಚಿಮ ಟೆಕ್ಸಸ್‌ನಲ್ಲಿ ಮಳೆ ಬರುವುದಿಲ್ಲ. ಅದಕ್ಕೇ ಆ ಮಾತು ಎಷ್ಟು ಸಲ ಆಡಿದರೂ ಸವೆಯುವುದಿಲ್ಲ.

ಲೈಸೆನ್ಸ್ ಇರುವ ವಿದ್ಯಾರ್ಥಿ ಅಂದರೆ ಹೇಗಿರುತ್ತಾನೆ ಎಂದು ಲೋವೆಲ್ ಮನಸ್ಸಿನಲ್ಲೇ ಒಂದು ಚಿತ್ರ ಬರೆದುಕೊಂಡಿದ್ದ. ಟೋಪಿ, ಬೂಟು, ಗುಡುಗುವ ದೊಡ್ಡ ಟ್ರಕ್ಕು, ಇನ್ನೂ ಸರಿಯಾಗಿ ಬಾರದ ಮೀಸೆ. ಸೋಮವಾರಗಳಂದು ಇಡೀ ತರಗತಿಗೆ ಬೆಣ್ಣೆ ಹಚ್ಚಿದ ಬಿಸ್ಕಿಟ್ ಬೇಯಿಸಿ ತರುವ ಅರವತ್ತರ ಅಂಚಿನ ವಿಧವೆ ಆ ಚಿತ್ರದಲ್ಲಿ ಇರಲಿಲ್ಲ. ಮುಂದಿನ ಸೋಮವಾರ ಅವನು ಬಿಸ್ಕಿಟ್ ಮುಟ್ಟಲಿಲ್ಲ.

ಹೆದರಿದವನಿಗೆ ಒಂದು ಸಮಿತಿ ಸಿಕ್ಕಿಬಿಟ್ಟರೆ ಏನು ಮಾಡುತ್ತಾನೋ ಅದನ್ನೇ ಲೋವೆಲ್ ಮಾಡಿದ. ಕಾಲೇಜಿನಲ್ಲಿ ಯಾವ ಯಾವ ಜಾಗಕ್ಕೆ ಪಿಸ್ತೂಲು ತರಬಾರದು ಎಂದು ಗುರುತು ಹಾಕುವ ಸಮಿತಿಗೆ ಅವನು ಸದಸ್ಯ. ಸದಸ್ಯರನ್ನು ಆರಿಸಿದ ದಿನ ಅವನು ಸಭೆಗೆ ಹೋಗಿರಲಿಲ್ಲ, ಅದಕ್ಕೇ ಆಯ್ಕೆಯಾಗಿದ್ದ. ಸಮಿತಿಯ ಮುಂದೆ ಕಾಲೇಜಿನ ನಕ್ಷೆ, ಒಂದು ಕೆಂಪು ಪೆನ್ಸಿಲ್ ಇದ್ದವು. ಮಕ್ಕಳ ಪಾಲನೆಯ ಕೋಣೆ, ಆಟದ ಮೈದಾನ ಆಗಲೇ ಕೆಂಪಾಗಿದ್ದವು. ಲೋವೆಲ್ ತನ್ನ ಲ್ಯಾಬಿಗೂ ಕೆಂಪು ಬಳಿದ.

"ಗ್ಯಾಸಿನ ಕೊಳವೆಗಳಿವೆ," ಎಂದ.

ಕೊಳವೆಗಳು ಇದ್ದವು. ಅವುಗಳಲ್ಲಿ ಗ್ಯಾಸು ಬಂದು ಯಾವ ಕಾಲವಾಯಿತೋ. ಆದರೆ ಊಟದ ಹೊತ್ತಾಗಿತ್ತು, ಪಕ್ಕದ ಕೋಣೆಯಿಂದ ಹೊಗೆಯಲ್ಲಿ ಬೇಯಿಸಿದ ಗೋಮಾಂಸದ ಪರಿಮಳ ತೇಲಿ ಬರುತ್ತಿತ್ತು. ಎಲ್ಲರೂ ಒಪ್ಪಿದರು.

ಬಾಗಿಲಿಗೆ ಪಿಸ್ತೂಲು ನಿಷೇಧದ ಫಲಕ ಬಂತು. ಫಲಕದ ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಕಾನೂನಿದೆ. ಇಂಗ್ಲಿಷಿನಲ್ಲೂ ಇರಬೇಕು, ಸ್ಪ್ಯಾನಿಷಿನಲ್ಲೂ ಇರಬೇಕು. ಹೀಗಾಗಿ ಫಲಕ ಬಾಗಿಲಿನಷ್ಟೇ ಆಯಿತು. ಹೊಸಬರು ಫಲಕದ ಮುಂದೆ ನಿಂತುಕೊಂಡು, ಲ್ಯಾಬಿನ ಬಾಗಿಲು ಎಲ್ಲಿದೆ ಎಂದು ಕೇಳತೊಡಗಿದರು.

ಆ ವಾರದಿಂದ ಓಲೀಟಾ ತಡವಾಗಿ ಬರಲು ಶುರುಮಾಡಿದಳು. ಎಂಟು ಗಂಟೆಯ ಲ್ಯಾಬಿಗೆ ಎಂಟೂಕಾಲಿಗೆ ಬರುವಳು, ಏದುಸಿರು ಬಿಡುತ್ತ. ಮೂರು ಸಲ ತಡವಾದರೆ ಒಂದು ಗೈರುಹಾಜರಿ, ಗೈರುಹಾಜರಿ ಮಿತಿ ಮೀರಿದರೆ ಹೆಸರು ಹೊಡೆದುಹಾಕಬೇಕು. ಇದು ನರ್ಸಿಂಗ್ ವಿಭಾಗದ ನಿಯಮ, ಇದಕ್ಕೆ ವಿನಾಯಿತಿ ಇಲ್ಲ. ಕೊನೆಗೆ ಲೋವೆಲ್ ಆಕೆಯನ್ನು ಮೊಗಸಾಲೆಯಲ್ಲಿ ನಿಲ್ಲಿಸಿದ.

"ಏನಾಗ್ತಿದೆ ಮಿಸ್ ಓಲೀಟಾ? ಹೀಗೇ ಆದ್ರೆ ಸೀಟು ಉಳಿಯಲ್ಲ."

"ಡೆಲ್ಬರ್ಟ್ ಅಂಗಡಿ ತೆಗೆಯೋದೇ ಎಂಟಕ್ಕೆ ಸರ್."

ಡೆಲ್ಬರ್ಟ್‌ನದು ರೈಲು ಹಳಿಯಾಚೆ ದನದ ಹಿಂಡಿ ಮಾರುವ ಅಂಗಡಿ. ಅಲ್ಲಿ ಒಂದು ತಿಜೋರಿಯಿದೆ. ಓಲೀಟಾಳ ಹಳೆ ಪಿಕಪ್ಪಿನ ಒಂದು ಬಾಗಿಲನ್ನು ತಂತಿ ಸುತ್ತಿ ನಿಲ್ಲಿಸಲಾಗಿದೆ. ಆ ಗಾಡಿಯಲ್ಲಿ ಪಿಸ್ತೂಲು ಬಿಟ್ಟರೆ ಮೊದಲ ಕಳ್ಳನಿಗೆ ಹಬ್ಬ, ಆಮೇಲೆ ಕದ್ದ ಪಿಸ್ತೂಲಿನ ಜಾಡು ಹಿಡಿದು ಓಲೀಟಾಳ ಮನೆಗೆ ಪೊಲೀಸ್ ಷೆರೀಫ್. ಅದಕ್ಕೇ ಲ್ಯಾಬಿನ ದಿನ ಆಕೆ ಡೆಲ್ಬರ್ಟ್ ಬಂದು ಬೀಗ ತೆಗೆದು ಪಿಸ್ತೂಲನ್ನು ತಿಜೋರಿಯಲ್ಲಿಡುವವರೆಗೂ ಕಾಯುತ್ತಿದ್ದಳು.

"ಅದನ್ನ ತರದೇ ಇದ್ರೆ?" ಎಂದು ಲೋವೆಲ್ ಮೆಲ್ಲಗೆ ಕೇಳಿದ, ಹಲ್ಲು ನೋಯುವವನ ದವಡೆ ಮುಟ್ಟುವ ಹಾಗೆ.

ಓಲೀಟಾ ಗೋಡೆಗೆ ಒರಗಿದಳು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ. ಗಂಡ ರಾಯ್ಸ್ ಎಣ್ಣೆ ಬಾವಿಗಳಲ್ಲಿ ದುಡಿದು ಸತ್ತಿದ್ದ. ಆಕೆ ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬೀನ್ಸ್ ಕುದಿಸಿ, ಈಗ ದೂರದ ಒಂದು ದನ ಸಾಕುವ ತೋಟದಲ್ಲಿ ಹಾಸಿಗೆ ಹಿಡಿದ ಮುದುಕ ಯಜಮಾನನನ್ನು ರಾತ್ರಿ ಹೊತ್ತು ನೋಡಿಕೊಳ್ಳುತ್ತಿದ್ದಳು. ಬೆಳಗಿನ ಜಾವ ಅಲ್ಲಿಂದ ಹೊರಟು ನೇರ ಕಾಲೇಜಿಗೆ.

"ಆ ರಸ್ತೇಲಿ ಫೋನು ಹಿಡಿಯಲ್ಲ ಸರ್. ಹೋದ ವರ್ಷ ಟೈರು ಸಿಡೀತು. ಒಂದು ಟ್ರಕ್ಕು ನಿಲ್ತು. ಇಬ್ರು ಗಂಡಸ್ರು ಇಳಿದ್ರು. ಟೈರು ಬದಲಾಯಿಸಿಕೊಟ್ಟು, ನೀರು ಕುಡಿಸಿ, ಹೋದ್ರು. ತುಂಬ ಒಳ್ಳೇವ್ರು." ಪುಸ್ತಕದ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಒಳ್ಳೇವ್ರು ಅಂತ ಗೊತ್ತಾಗಿದ್ದು ಅವರು ಹೋದ್ಮೇಲೆ. ಅಲ್ಲೀತನಕ ನನ್ನ ಎದೆ ಏನಾಗಿತ್ತು ಅಂತ ನನಗೇ ಗೊತ್ತು."

"ಇಷ್ಟೆಲ್ಲ ಕಷ್ಟಪಟ್ಟು ಈ ವಯಸ್ಸಲ್ಲಿ ನರ್ಸ್ ಆಗ್ಲೇಬೇಕಾ?"

"ಯಜಮಾನ್ರಿಗೆ ರಾತ್ರಿ ನೋವು ಬಂದ್ರೆ ಔಷಧಿ ಅಲ್ಲೇ ಕಪಾಟಲ್ಲಿರುತ್ತೆ. ನಾನು ಕೊಡೋ ಹಾಗಿಲ್ಲ. ಊರಿಂದ ನರ್ಸ್ ಬರೋವರೆಗೂ ಅವ್ರು ಕಿರುಚ್ತಾರೆ, ನಾನು ಕೈ ಹಿಡ್ಕೊಂಡು ಕೂತಿರ್ತೀನಿ. ಪಿಸ್ತೂಲಿಗೆ ಈ ಸರ್ಕಾರ ನನಗೆ ಲೈಸೆನ್ಸ್ ಕೊಟ್ಟಿದೆ ಸರ್. ಒಂದು ತೊಟ್ಟು ಔಷಧಿಗೆ ಕೊಟ್ಟಿಲ್ಲ."

ಲೋವೆಲ್‌ಗೆ ಕೆಂಪು ಪೆನ್ಸಿಲ್ಲು ನೆನಪಾಯಿತು. ಕಿಟಕಿಯಾಚೆ ನೋಡಿ, ಮಳೆ ಬರಬಹುದು ಎಂದ.

ನವೆಂಬರಿನಲ್ಲಿ ವ್ಯಾಯಾಮಶಾಲೆಯಲ್ಲಿ ಈ ಕಾನೂನಿನ ಬಗ್ಗೆ ಸಾರ್ವಜನಿಕ ಸಭೆ ನಡೆಯಿತು. ಒಣಗಿದ ಡೋನಟ್, ಬೆಚ್ಚಗಿನ ಕಾಫಿ. ಪಿಸ್ತೂಲು ಇರಲಿ ಎನ್ನುವವರ ಕಡೆ ವಿಮೆ ಮಾರುವ ಗ್ರೇಡಿ ಟಾಟಮ್. ಸಂಜೆಯ ತರಗತಿ ಮುಗಿಸಿ ಕತ್ತಲಲ್ಲಿ ಒಬ್ಬಳೇ ಕಾರಿನ ತನಕ ನಡೆಯುವ ತನ್ನ ಮಗಳ ಬಗ್ಗೆ ಅವನು ಮಾತಾಡಿದ. ಬೇಡ ಎನ್ನುವವರ ಕಡೆ ಇತಿಹಾಸ ಕಲಿಸುವ ಫಿಲಿಸ್ ಓಡನ್. ಅಂಕ ಕಡಿಮೆ ಬಂತೆಂದು ಹಿಂದಿನ ವರ್ಷ ಒಬ್ಬ ಹುಡುಗ ತನ್ನ ಕಡೆ ಕುರ್ಚಿ ಎಸೆದದ್ದನ್ನು ಆಕೆ ಹೇಳಿದಳು. "ಅವತ್ತು ಅವನ ಕೈಗೆ ಸಿಕ್ಕಿದ್ದು ಕುರ್ಚಿ," ಎಂದಳು. ಇಬ್ಬರಿಗೂ ಚಪ್ಪಾಳೆ ಬಿತ್ತು. ಇಬ್ಬರ ಭಯವೂ ನಿಜವೇ ಆಗಿತ್ತು. ಲೋವೆಲ್‌ಗೆ ಈ ಮಾತುಗಳನ್ನು ಬೇಸಿಗೆಯಿಂದ ಕೇಳಿ ಕೇಳಿ ಕಿವಿ ದಣಿದಿತ್ತು. ಯಾರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದೂ ಬಾಯಿಪಾಠವಾಗಿತ್ತು.

ಆಗ ಓಲೀಟಾ ಎದ್ದು ನಿಂತಳು. ಈಕೆ ಯಾವ ಪಕ್ಷ ಎಂದು ಎರಡೂ ಕಡೆಯವರು ಕತ್ತು ಹೊರಳಿಸಿದರು.

"ನನ್ನ ಹತ್ರ ಲೈಸೆನ್ಸ್ ಇದೆ. ಲ್ಯಾಬಿಗೆ ತರಬೇಡಿ ಅಂದಿದೀರಿ, ತರಲ್ಲ. ಬಾಗಿಲ ಹೊರಗೆ ಬೀಗ ಹಾಕೋ ಒಂದು ಪೆಟ್ಟಿಗೆ ಇಡ್ತೀರಾ? ಅಷ್ಟಾದ್ರೆ ನಾನು ಟೈಮಿಗೆ ಬರ್ತೀನಿ."

"ಪೆಟ್ಟಿಗೆನಾ?" ಎಂದ ಗ್ರೇಡಿ. "ಅಮ್ಮಾ, ಪೆಟ್ಟಿಗೆ ಇಟ್ರೆ ಅವರು ಹಾಕಿದ ನಿಷೇಧಾನ ನಾವೇ ಒಪ್ಕೊಂಡ ಹಾಗಾಗುತ್ತೆ. ನಿಮ್ಮ ಹಕ್ಕನ್ನ ನೀವೇ ಬೀಗ ಹಾಕಿ ಇಡ್ತೀರಾ?"

"ಪೆಟ್ಟಿಗೆ ಇಟ್ರೆ ಪಿಸ್ತೂಲು ತನ್ನಿ ಅಂತ ನಾವೇ ಕರೆದ ಹಾಗಾಗುತ್ತೆ," ಎಂದಳು ಫಿಲಿಸ್. "ಮಕ್ಕಳು ಓಡಾಡೋ ಜಾಗದಲ್ಲಿ ದಿನಾ ಅದನ್ನ ತೆಗೆಯೋದು, ಇಡೋದು! ಬೇಡಮ್ಮ."

ಬೇಸಿಗೆಯಿಂದ ಒಂದು ಮಾತಿಗೂ ಒಪ್ಪದಿದ್ದ ಇಬ್ಬರೂ ಅವತ್ತು ಒಪ್ಪಿದರು. ಡೀನ್ ಹಾರ್ಮನ್‌ಗೆ ಕಣ್ಣು ತುಂಬಿ ಬರುವುದೊಂದು ಬಾಕಿ. "ಸರ್ವಾನುಮತ," ಎಂದು ಬರೆಸಿ, ಡೋನಟ್ ತಗೊಳ್ಳಿ ಎಂದ. ಪೆಟ್ಟಿಗೆ ಬರಲಿಲ್ಲ.

ಆದರೆ ಮುಚ್ಚಿಟ್ಟಿದ್ದು ಊರಿಗೆಲ್ಲ ಗೊತ್ತಾಯಿತು. ಮಾರಿಸೆಲಾಳ ತಾಯಿ ಫೋನು ಮಾಡಿ ಮಗಳ ಬೆಂಚು ಬದಲಾಯಿಸಿ ಎಂದಳು. ಗ್ರೇಡಿಯ ಕಡೆಯವನೊಬ್ಬ ಓಲೀಟಾಳ ಜೊತೆ ಫೋಟೋ ತೆಗೆಸಿಕೊಳ್ಳಲು ಬಂದು, ಆಕೆ ಬೆಕ್ಕಿನ ಕರುಳು ಹಿಡಿದಿದ್ದನ್ನು ನೋಡಿ ಹಿಂದಿರುಗಿದ. ಸೋಮವಾರದ ಬಿಸ್ಕಿಟ್ ತಟ್ಟೆಯಲ್ಲಿ ಉಳಿಯತೊಡಗಿತು. ಮಾರಿಸೆಲಾ ಬೆಂಚು ಬದಲಾಯಿಸಿದಳು, ಆದರೆ ಹಿಂಗಾಲಿನ ಸ್ನಾಯುಗಳು ಶುರುವಾದ ದಿನ ಅಲ್ಲಿಂದಲೇ ಕೂಗಿದಳು: "ಮಿಸ್ ಓಲೀಟಾ, ಇದು ಯಾವ್ದು? ಎಲ್ಲಾ ಒಂದೇ ಥರ ಇದೆಯಲ್ಲ!"

"ಎಳೆದು ನೋಡು. ಎಲ್ಲಿ ಅಂಟಿಕೊಂಡಿದೆಯೋ ಅಲ್ಲೇ ಅದರ ಹೆಸರಿರುತ್ತೆ," ಎಂದಳು ಓಲೀಟಾ, ತಲೆ ಎತ್ತದೆ.

ಲೋವೆಲ್ ಮಾಡಿದ್ದು ಒಂದೇ ಧೈರ್ಯದ ಕೆಲಸ. ತಾನೇ ತಡವಾಗಿ ಬರತೊಡಗಿದ. ಮೇಷ್ಟರೇ ಇಲ್ಲದಿದ್ದರೆ ಹಾಜರಿ ತೆಗೆಯುವವರು ಯಾರು? ಕಾರಿನಲ್ಲಿ ಕೂತು ಓಲೀಟಾಳ ಪಿಕಪ್ಪು ರೈಲು ಹಳಿ ದಾಟಿ ಬರುವುದನ್ನು ನೋಡಿ, ಆಕೆ ಒಳಗೆ ಹೋದ ಮೇಲೆ ಅವಸರ ನಟಿಸುತ್ತ ಹೋಗುತ್ತಿದ್ದ. ಕೆಲವು ವಾರ ನಡೆಯಿತು. ಆಮೇಲೆ ಡೀನ್ ಕರೆಸಿದ.

"ಲೋವೆಲ್, ಹುಡುಗ್ರು ದೂರು ಕೊಟ್ಟಿದಾರೆ. ಮನೇಲಿ ಎಲ್ಲಾ ಸರಿ ಇದೆಯಾ? ಇರ್ಮಾ ಹೇಗಿದಾಳೆ?"

"ಸೊಂಟ ನೋವು," ಎಂದ ಲೋವೆಲ್.

"ಪಾಪ. ಇನ್ಮೇಲೆ ಎಂಟಕ್ಕೆ ಬಾ."

ಅಲ್ಲಿಗೆ ಅವನ ಧೈರ್ಯ ಮುಗಿಯಿತು. ಸುಸ್ತಾದ ಮನುಷ್ಯನ ಧೈರ್ಯ ಅಷ್ಟೇ ಇರುತ್ತದೆ. ಮುಂದಿನ ಎರಡು ಲ್ಯಾಬಿಗೆ ಓಲೀಟಾ ಮತ್ತೆ ಎಂಟೂಕಾಲಿಗೆ ಬಂದಳು, ಅವನು ಗುರುತು ಹಾಕಿದ. ಹಾಕುವಾಗ ಆಕೆಯ ಕಡೆ ನೋಡಲಿಲ್ಲ. ಇನ್ನೊಂದು ಸಲ ತಡವಾದರೆ ಹೆಸರು ಹೋಗುತ್ತದೆ ಎಂದು ತಿಳಿಸುವುದು ಅವನದೇ ಕೆಲಸವಾಗಿತ್ತು.

"ಗೊತ್ತು ಸರ್," ಎಂದಳು ಆಕೆ. "ಯಜಮಾನ್ರು ನಿನ್ನೆ ಕೇಳ್ತಿದ್ರು, ಯಾವಾಗ ಕಣೇ ನಿನ್ನ ಪಾಸು, ನಾನು ಸತ್ಮೇಲಾ ಅಂತ."

ಕೊನೆಯ ಪರೀಕ್ಷೆಯ ದಿನ ಉತ್ತರದ ಗಾಳಿ ಬೀಸುತ್ತಿತ್ತು. ಧೂಳಿಗೆ ಬೀದಿದೀಪಗಳು ಇನ್ನೂ ಆರಿರಲಿಲ್ಲ. ಲೋವೆಲ್ ಬೇಗ ಬಂದು, ಬೆಕ್ಕುಗಳಿಗೆ ಗುಂಡುಸೂಜಿ ಚುಚ್ಚಿ, ಹೆಸರು ಬರೆಯಬೇಕಾದ ಸ್ನಾಯುಗಳಿಗೆ ಅಂಕಿ ಹಾಕಿ, ಕಿಟಕಿಯಿಂದ ರೈಲು ಹಳಿಯ ಕಡೆ ನೋಡಿದ. ಡೆಲ್ಬರ್ಟ್‌ನ ಅಂಗಡಿ ಕತ್ತಲಾಗಿತ್ತು. ಪಿಕಪ್ಪು ಅಲ್ಲಿ ಇರಲಿಲ್ಲ. ರಸ್ತೆಯಲ್ಲೂ ಕಾಣಲಿಲ್ಲ. ಈ ಗಾಳಿಯಲ್ಲಿ ಆಕೆ ಹೊರಟೇ ಇಲ್ಲವೇನೋ ಅಂದುಕೊಂಡ.

ಬಾಗಿಲು ತೆಗೆಯಲು ಹೋದರೆ, ದೊಡ್ಡ ಫಲಕದ ಕೆಳಗೆ ನೆಲದ ಮೇಲೆ ಓಲೀಟಾ ಕೂತಿದ್ದಳು. ಕೂದಲ ತುಂಬ ಧೂಳು. ಮಡಿಲಲ್ಲಿ ಸ್ನಾಯುಗಳ ಪುಸ್ತಕ. ಉಳಿದ ಯಾರೂ ಇನ್ನೂ ಬಂದಿರಲಿಲ್ಲ. ಆಕೆ ಗೋಡೆ ಹಿಡಿದು ಎದ್ದಾಗ, ಅಂಗಿಯ ಕೆಳಗೆ ಉಬ್ಬು ಇರಲಿಲ್ಲ.

ಕೇಳಬಾರದು ಎಂದು ಲೋವೆಲ್‌ಗೆ ಗೊತ್ತಿತ್ತು. ಟೆಕ್ಸಸ್‌ನಲ್ಲಿ ಹುಟ್ಟಿದವನು ಅವನು. ಆದರೂ ಕೇಳಿದ.

"ತೋಟದಲ್ಲೇ ಬಿಟ್ಟು ಬಂದ್ರಾ?"

"ಯಜಮಾನ್ರ ಕಪಾಟಲ್ಲಿದೆ. ಔಷಧಿ ಪಕ್ಕ."

"ಅಷ್ಟು ದೂರ, ಈ ಗಾಳೀಲಿ, ಒಬ್ರೇ…" ಲೋವೆಲ್ ಬಾಗಿಲನ್ನು ಪೂರ್ತಿ ತೆಗೆದು ಹಿಡಿದ. "ಭಯ ಆಗ್ಲಿಲ್ವಾ, ಮಿಸ್ ಓಲೀಟಾ?"

"ಆಯ್ತು ಸರ್," ಎಂದಳು ಓಲೀಟಾ. "ಮೊದ್ಲು ಹಾಜರಿ ಹಾಕ್ಕೊಳ್ಳಿ."